ಎರಡೇ ಎರಡು ಇಂಚು

ನಮ್ಮ ತೋಟದಲ್ಲಿ ನಾಲ್ಕನೇ ಬ್ಲಾಕ್ ಅಂತ ಒಂದಿದೆ. ತಾತ ಅದನ್ನು ಯಾವ ಧೈರ್ಯದ ಮೇಲೆ ಕೊಂಡರೋ ಗೊತ್ತಿಲ್ಲ. ಅಲ್ಲಿ ಕೈಜಾರಿ ಬಿದ್ದ ಕಾಫಿ ಹಣ್ಣು ನಮ್ಮದಲ್ಲ, ಕೆಳಗಿನ ತೋಟದವರದ್ದು. ಅಂಥ ಇಳಿಜಾರು. ಜೀಪು ಅರ್ಧ ದಾರಿಗೇ ನಿಂತುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಗೊಬ್ಬರ, ಸುಣ್ಣ ಎಲ್ಲ ತಲೆಹೊರೆ. ಹೊರೋಕೆ ಆಳು ಸಿಗೋದೇ ಕಷ್ಟ. ಸಿಕ್ಕರೂ ನಾಲ್ಕನೇ ಬ್ಲಾಕ್ ಅಂದ ಕೂಡಲೇ ಅವರಿಗೆ ಮಂಡಿನೋವು ಶುರುವಾಗುತ್ತದೆ.

ಅದಕ್ಕೇ ಒಂದು ಎಟಿವಿ, ಅಂದರೆ ಗುಡ್ಡ ಹತ್ತುವ ನಾಲ್ಕು ಚಕ್ರದ ಬೈಕು, ತಗೊಂಡೆ. ಮನೆಯಲ್ಲಿ ಹೇಳಿರೋದು ಇಷ್ಟೇ. ಆದರೆ ಚಿಕ್ಕಮಗಳೂರು ಸೀಮೆಯ ಗಂಡಸರ ಕಾಯಿಲೆ ಬೇರೆ. ದೇಶದ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತುಗಳು ನಮ್ಮ ಕಾಫಿ ತೋಟಗಳ ಮಣ್ಣುರಸ್ತೆಯಲ್ಲೇ ನಡೆದಿವೆ. ಹುಡುಗರಾಗಿದ್ದಾಗ ಧರೆ ಮೇಲೆ ಹತ್ತಿ ಕೂತು, ಕಾರು ಹಾದು ಹೋದಾಗ ಏಳುವ ಕೆಂಪು ಧೂಳನ್ನು ವಿಭೂತಿಯ ಹಾಗೆ ಮೈಗೆ ಬಳಿದುಕೊಂಡವರು ನಾವು. ಆ ಧೂಳು ಒಮ್ಮೆ ಒಳಗೆ ಹೋದರೆ ಐವತ್ತು ದಾಟಿದರೂ ಹೊರಗೆ ಬರೋದಿಲ್ಲ. ಮುಚ್ಚಿಹೋದ ಒಂದು ಹೋಂಸ್ಟೇಯವರು 250 ಸಿಸಿಯ ಗಾಡಿಯೊಂದನ್ನು ಮಾರ್ತಾರೆ ಅಂತ ಗೊತ್ತಾದ ದಿನವೇ ಹೋಗಿ ತಂದೆ. ಅದಕ್ಕೆ ರಿವರ್ಸ್ ಗೇರ್ ಇರಲಿಲ್ಲ. ಮುಂದೆ ಹೋಗೋಕೆ ತಾನೇ ತಗೊಳ್ತಿರೋದು ಅಂದುಕೊಂಡೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಪಕ್ಕದ ಸೌದೆ ಕೊಟ್ಟಿಗೆ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮುಂದಿನ ಬಂಪರನ್ನು ಗೋಡೆಗೆ ತಾಗಿಸಿ ನಿಲ್ಲಿಸಿದರೆ ಬಾಗಿಲು ಹಿಂದಿನ ಟೈರನ್ನು ಹೀಗೆ ಸವರಿಕೊಂಡು ಬಂದು ಮುಚ್ಚಿಕೊಳ್ಳುತ್ತಿತ್ತು. ಟಪ್ ಅಂತ ಚಿಲಕ ಬೀಳುತ್ತಿತ್ತು. ಕೊಟ್ಟಿಗೆ ಕಟ್ಟಿಸುವಾಗ ತಾತನಿಗೆ ಮೊಮ್ಮಗನ ಬುದ್ಧಿ ಮೊದಲೇ ಗೊತ್ತಿತ್ತೋ ಏನೋ.

ಎಟಿವಿ ನೋಡದವರಿಗೆ ಒಂದು ಮಾತು. ನಾಲ್ಕು ಊದಿಕೊಂಡ ಟೈರು, ಬೈಕಿನ ಹ್ಯಾಂಡಲ್, ಕುದುರೆ ಮೇಲೆ ಕೂತಂತೆ ಕಾಲು ಅಗಲಿಸಿ ಕೂರೋ ಸೀಟು. ಹೋಂಡಾ ಕಂಪನಿ 1970ರಲ್ಲಿ ಅಮೆರಿಕದಲ್ಲಿ ಇಂಥದ್ದನ್ನು ಮಾರಲು ಶುರು ಮಾಡಿದಾಗ ಇದಕ್ಕೆ ಮೂರೇ ಚಕ್ರ. ಜನ ಅದರಿಂದ ಎಷ್ಟು ಬಿದ್ದರು ಅಂದರೆ, 1988ರಲ್ಲಿ ಅಲ್ಲಿ ಮೂರು ಚಕ್ರದ್ದನ್ನು ಮಾರೋದನ್ನೇ ನಿಲ್ಲಿಸಬೇಕಾಯಿತು. ನಾಲ್ಕು ಚಕ್ರದ್ದರಿಂದಲೂ ಬೀಳಬಹುದು ಅಂತ ತೋರಿಸೋಕೆ ನಾನಿದ್ದೇನೆ.

ಮುಂಗಾರು ಹಿಡಿಯೋ ಮುಂಚೆ ನಾಲ್ಕನೇ ಬ್ಲಾಕಿಗೆ ಗೊಬ್ಬರ ಹಾಕಿಸಬೇಕಿತ್ತು. ಸೀಟಿನ ಹಿಂದೆ ವೆಲ್ಡಿಂಗ್ ಮಾಡಿಸಿದ್ದ ಪುಟ್ಟ ಸ್ಟ್ಯಾಂಡಿನ ಮೇಲೆ ಒಂದು ಯೂರಿಯಾ ಚೀಲ ಕಟ್ಟಿದೆ. ಮೊದಲು ಯೂರಿಯಾ ಚೀಲ 50 ಕೆಜಿ ಇರುತ್ತಿತ್ತು, ಈಗ 45. ಐದು ಕೆಜಿ ಕಮ್ಮಿ ಮಾಡಿದ ಸರ್ಕಾರಕ್ಕೆ ನಾನು ಋಣಿ. ಇಲ್ಲದಿದ್ದರೆ ಇದನ್ನು ಬರೆಯೋಕೆ ನಾನಿರುತ್ತಿದ್ದೆನೋ ಇಲ್ಲವೋ. ಏರಿನ ನಡುವೆ ಗಾಡಿಯ ಮೂತಿ ನಿಧಾನಕ್ಕೆ ಮೇಲೆದ್ದಿತು. ಹ್ಯಾಂಡಲ್ ನನ್ನ ಎದೆಗೆ ಬಂತು. ಆಮೇಲೆ ಗಲ್ಲಕ್ಕೆ ಬಂತು. ಆಮೇಲೆ ಆಕಾಶ ಕಾಣಿಸಿತು. ಚೀಲ ಮೊದಲು ಬಿತ್ತು, ಅದರ ಮೇಲೆ ನಾನು ಕೂತೆ. ಗಾಡಿ ಎರಡು ಮುಂಗಾಲನ್ನೂ ಎತ್ತಿ ಅರೆಗಳಿಗೆ ಹಾಗೇ ನಿಂತು, ಪಕ್ಕದ ಗಿಡದ ಮೇಲೆ ಒರಗಿತು.

ಕಳೆ ಕೀಳುತ್ತಿದ್ದ ಹೆಂಗಸರು ಕತ್ತಿ ಹಿಡಿದುಕೊಂಡೇ ನಿಂತಿದ್ದರು. ಒಬ್ಬಳು ಹೇಳಿದಳು, "ಅಯ್ಯಾ, ಗಾಡಿ ನಿಮಗೆ ಕೈ ಮುಗೀತು ಕಣ್ರೀ."

ಮೈಗೆ ಏನೂ ಆಗಿರಲಿಲ್ಲ. ಮರ್ಯಾದೆಗೆ ಆಗಿತ್ತು. ಗಾಡಿ ಎತ್ತಿ ನಿಲ್ಲಿಸುವಾಗ ಇನ್ನೊಂದು ಕಂಡಿತು. ಹಿಂದಿನ ಚಕ್ರ ಹಿಡಿದು ಅಲ್ಲಾಡಿಸಿದರೆ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು.

ಇದಕ್ಕೆ ಕಾರಣ ನಾನೇ. ಈ ಗಾಡಿಯಲ್ಲಿ ಹಿಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಅಚ್ಚು. ಎತ್ತಿನ ಗಾಡಿಯಲ್ಲಿ ಅಚ್ಚು ಸುಮ್ನೆ ಇರುತ್ತದೆ, ಚಕ್ರ ತಿರುಗುತ್ತದೆ. ಇಲ್ಲಿ ಅಚ್ಚೇ ತಿರುಗುತ್ತದೆ. ಅದನ್ನು ಹಿಡಿದುಕೊಂಡಿರುವ ಗುಂಡಗಿನ ಡಬ್ಬಿಗೆ ಆಕ್ಸಲ್ ಕ್ಯಾರಿಯರ್ ಅಂತಾರೆ. ಅದರೊಳಗೆ ಎರಡು ಬೇರಿಂಗ್, ಎರಡು ಪಕ್ಕಕ್ಕೂ ರಬ್ಬರ್ ಸೀಲು. ಆ ಡಬ್ಬಿಯನ್ನು ಫ್ರೇಮಿಗೆ ಸೇರಿಸುವ ತೋಳು ಸ್ವಿಂಗ್‌ಆರ್ಮ್. ನಾನು ಪ್ರತಿ ಭಾನುವಾರ, ಗಿಡಕ್ಕೆ ಬೋರ್ಡೋ ಅನ್ನೋ ಸುಣ್ಣ-ಮೈಲುತುತ್ತದ ಔಷಧಿ ಹೊಡೆಯುವ ಸ್ಪ್ರೇಯರ್ ಪೈಪಿನಲ್ಲಿ ಗಾಡಿ ತೊಳೆಯುತ್ತಿದ್ದೆ. ಕೆಸರು ಮಾಯವಾಗುವ ಚಂದ ನೋಡಿ ಡಬ್ಬಿಯ ಬಾಯಿಗೇ ಹಿಡಿಯುತ್ತಿದ್ದೆ. ಸೀಲಿನ ಸಂದಿಯಿಂದ ನೀರು ಒಳಗೆ ಹೋಯಿತು, ಗ್ರೀಸು ತೊಳೆದು ಹೋಯಿತು, ಬೇರಿಂಗಿನ ಗುಂಡು ತುಕ್ಕು ಹಿಡಿದವು. ಪ್ರೀತಿ ಜಾಸ್ತಿಯಾಗಿ ಕೆಟ್ಟ ಗಾಡಿ ಇದು.

ಬೆಂಗಳೂರಿನ ಭಾಮೈದನಿಗೆ ಫೋನ್ ಮಾಡಿದೆ. ಅವನಿಗೆ ಎಲ್ಲ ಗೊತ್ತು. ಗೊತ್ತಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತು ಮಾಡಿಕೊಳ್ಳುತ್ತಾನೆ.

"ಭಾವ, ಹೇಗೂ ಕ್ಯಾರಿಯರ್ ಬಿಚ್ತೀರಿ. ಅದರ ಜೊತೆ ಸ್ವಿಂಗ್‌ಆರ್ಮೂ ಬದಲಾಯಿಸಿಬಿಡಿ. ಎರಡು ಇಂಚು ಉದ್ದದ್ದು ಸಿಗುತ್ತೆ. ಮೂತಿ ಏಳೋದು ನಿಲ್ಲುತ್ತೆ."

ಇದು ನನಗೆ ಥಟ್ಟನೆ ಅರ್ಥವಾಯಿತು. ಮೆಣಸು ಕುಯ್ಯುವಾಗ ಏಣಿ ತೀರಾ ನೆಟ್ಟಗಿದ್ದರೆ ಹಿಂದಕ್ಕೆ ಮಗುಚುತ್ತದೆ ಅಂತ ಬುಡವನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತೇವಲ್ಲ, ಅದೇ ಲೆಕ್ಕ. ಹಿಂದಿನ ಚಕ್ರ ಹಿಂದಕ್ಕೆ ಹೋದಷ್ಟೂ ಗಾಡಿ ಮಗುಚೋದು ಕಮ್ಮಿ.

"ಬೇರೆ ಏನಾದರೂ ಬದಲಾಯಿಸಬೇಕಾ?"

"ಏನಿಲ್ಲ ಭಾವ. ಎರಡೇ ಎರಡು ಇಂಚು."

ಪಾರ್ಸೆಲ್ ಬಂದಿದ್ದು ಹದಿನೆಂಟು ದಿನಕ್ಕೆ. ಬೆಲೆ ಇಲ್ಲಿ ಬರೆಯೋದಿಲ್ಲ. ಮನೆಯವಳು ಇದನ್ನು ಓದುತ್ತಾಳೆ. ಕೊರಿಯರ್ ಹುಡುಗ ನಮ್ಮ ತೋಟಕ್ಕೆ ಹತ್ತೋದಿಲ್ಲ, ಆಲ್ದೂರಿನಲ್ಲಿ ಒಂದು ಅಂಗಡಿಯಲ್ಲಿ ಇಟ್ಟು ಹೋಗುತ್ತಾನೆ. ನಾನು ಹೋಗುವಷ್ಟರಲ್ಲಿ ಡಬ್ಬದ ಮೂಲೆ ಹರಿದು, ಕಬ್ಬಿಣದ ಕವೆ ಹೊರಗೆ ಇಣುಕುತ್ತಿತ್ತು. ಅಂಗಡಿಯವರು ಅದನ್ನು ತಟ್ಟಿ ನೋಡಿ, "ನೊಗ ಚೆನ್ನಾಗಿದೆ. ಎತ್ತು ಯಾವಾಗ ಬರುತ್ತೆ?" ಅಂದರು. ಎತ್ತು ಅವರೆದುರಿಗೇ ನಿಂತಿತ್ತು.

ಕೆಲಸಕ್ಕೆ ಇದ್ದಿದ್ದು ನಾನು ಮತ್ತು ನಮ್ಮ ರೈಟರು. ನಮ್ಮ ಕಡೆ ರೈಟರು ಅಂದರೆ ಕಥೆ ಬರೆಯೋರಲ್ಲ, ಹಾಜರಿ ಬರೆಯೋರು. ನಮ್ಮ ರೈಟರಿಗೆ ಯಂತ್ರ ಅಂದರೆ ಭಕ್ತಿ. ಯಾವ ಯಂತ್ರವನ್ನೂ ಮುಟ್ಟೋದಿಲ್ಲ, ದೂರದಿಂದ ಸಲಹೆ ಕೊಡುತ್ತಾರೆ.

ಅಚ್ಚಿನ ಮೇಲೆ ಎರಡು ದೊಡ್ಡ ನಟ್ಟು, ಒಂದಕ್ಕೊಂದು ಬೆನ್ನು ಕೊಟ್ಟು ಬಿಗಿದಿರುತ್ತವೆ. ಮೊದಲಿನವರು ಅದಕ್ಕೆ ನಟ್ಟು ಸಡಿಲವಾಗದಿರುವ ಅಂಟು ಬೇರೆ ಹಾಕಿದ್ದರು. ಅಷ್ಟು ದೊಡ್ಡ ಸ್ಪ್ಯಾನರ್ ಮನೆಯಲ್ಲಿ ಎಲ್ಲಿಂದ ಬರಬೇಕು? ಪೈಪ್ ವ್ರೆಂಚ್ ಹಾಕಿ, ಅದರ ಹಿಡಿಗೆ ಹೂಮಳೆ ಕೈಕೊಟ್ಟಾಗ ಹಾಕುವ ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪು ತೂರಿಸಿ ಎಳೆದೆ. ಏನೋ ತಿರುಗಿದ ಹಾಗಾಯಿತು. "ಬಂತು, ಬಂತು" ಅಂದರು ರೈಟರು. ಬಂದಿದ್ದು ಪೈಪು. ಬಾಳೆಹಣ್ಣಿನ ಹಾಗೆ ಬಾಗಿ ನನ್ನ ಕಡೆಗೇ ಬಂದಿತ್ತು.

ಆ ಅಂಟು ಬಿಸಿಗೆ ಸೋಲುತ್ತದೆ ಅಂತ ಭಾಮೈದ ಹೇಳಿದ. ಬಿಸಿಗೆ ನಮ್ಮಲ್ಲಿ ಏನು ಕಮ್ಮಿ? ಹಂದಿ ಸುಡುವ ಬ್ಲೋ ಲ್ಯಾಂಪ್ ಇತ್ತು. ಅದನ್ನು ಹಿಡಿದು ಕಾಯಿಸಿ ತಿರುಗಿಸಿದರೆ ನಟ್ಟು ಮಾತಿಲ್ಲದೆ ಬಂತು. ಆದರೆ ಬ್ಲೋ ಲ್ಯಾಂಪಿನ ಸದ್ದು ಕೇಳಿ ಆಳುಗಳ ಲೈನ್ ಮನೆಯಿಂದ ಇಬ್ಬರು ಪಾತ್ರೆ ಹಿಡಿದುಕೊಂಡು ಬಂದರು. ಮಾಂಸ ಇಲ್ಲ, ಬರೀ ಮೆಕ್ಯಾನಿಕ್ ಕೆಲಸ ಅಂತ ತಿಳಿದಾಗ ಅವರ ಮುಖ ನೋಡೋಕಾಗಲಿಲ್ಲ.

ಅಸಲಿ ಕಥೆ ಪಿವಟ್ ಬೋಲ್ಟಿನದು. ಹೆಬ್ಬೆರಳು ದಪ್ಪ, ಗೇಣುದ್ದಕ್ಕಿಂತ ಜಾಸ್ತಿ. ಫ್ರೇಮಿನ ಈ ಪಕ್ಕದಿಂದ ನುಗ್ಗಿ, ಸ್ವಿಂಗ್‌ಆರ್ಮಿನ ಎರಡು ಕವೆಯನ್ನೂ, ನಡುವೆ ಇಂಜಿನ್ನಿನ ಹಿಂಬದಿಯನ್ನೂ ತೂರಿಕೊಂಡು ಆ ಪಕ್ಕ ಮೂಗು ಹೊರಗೆ ಹಾಕುತ್ತದೆ. ಇದರ ಮೇಲೆ ಸ್ವಿಂಗ್‌ಆರ್ಮು ಬಾಗಿಲಿನ ಹಾಗೆ ಆಡಬೇಕು. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಗ್ರೀಸು ಹಚ್ಚಬೇಕು. ಹಚ್ಚಿದವರು ಯಾರು? ಮಲೆನಾಡಿನ ಮಳೆ ಕುಡಿದು ಕುಡಿದು ಬೋಲ್ಟೂ ತೋಳಿನೊಳಗಿನ ಉಕ್ಕಿನ ಕೊಳವೆಯೂ ಒಂದಾಗಿಬಿಟ್ಟಿದ್ದವು. ಐವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡಿರೂ ಅಷ್ಟು ಒಂದಾಗಿರೋದಿಲ್ಲ.

ಮೊದಲನೇ ದಿನ ಹಲಸಿನ ತುಂಡು ಅಡ್ಡ ಇಟ್ಟು ಹೊಡೆದೆ. ಹಲಸು ಸೀಳಿತು. ಎರಡನೇ ದಿನ ಡೀಸೆಲ್ ಬಿಟ್ಟು, ಹಿತ್ತಾಳೆ ಸರಳು ಇಟ್ಟು ಹೊಡೆದೆ. ಸರಳಿನ ತಲೆ ಅಣಬೆಯ ಹಾಗೆ ಅರಳಿತು. ಆಮೇಲೆ ಅದು ಊರ ಹಬ್ಬವೇ ಆಯಿತು. ಹಾಲು ಕೊಡೋಕೆ ಬಂದವನು ಎರಡು ಏಟು ಹಾಕಿದ. ಕರೆಂಟ್ ಬಿಲ್ ಕೊಡೋಕೆ ಬಂದವನು ಬ್ಯಾಗು ಕೆಳಗಿಟ್ಟು ನಾಲ್ಕು ಹಾಕಿದ. ಪಕ್ಕದ ತೋಟದ ಗೌಡರು ಸಂಜೆ ವಾಕಿಂಗಿಗೆ ಬಂದು, ಬೋಲ್ಟನ್ನು ಒಮ್ಮೆ ಮೂಸಿ ನೋಡಿ, "ಹರಳೆಣ್ಣೆ ಹಾಕ್ರೀ" ಅಂದು ಹೋದರು. ಹರಳೆಣ್ಣೆಯನ್ನೂ ಹಾಕಿದೆ. ಹೊಟ್ಟೆ ಕಟ್ಟಿದ ಮಗುವಿನ ಮುಂದೆ ಕಾಯುವಂತೆ ರಾತ್ರಿ ಹತ್ತರವರೆಗೆ ಕಾದೆ.

ನಾಲ್ಕನೇ ದಿನ ಅಮ್ಮನಿಗೆ ಸದ್ದು ತಡೆಯಲಾಗಲಿಲ್ಲ. "ಬಿಂಡಿಗ ದೇವೀರಮ್ಮನಿಗೆ ಒಂದು ಹರಕೆ ಹೊತ್ಕೋ. ಬೆಟ್ಟ ಹತ್ತಿ ಬರ್ತೀನಿ ಅಂತ ಹೇಳು, ಬೋಲ್ಟ್ ಅದಾಗೇ ಬರುತ್ತೆ" ಅಂದರು. ನಾನು ದೇವರನ್ನು ಇಂಥ ವಿಷಯಕ್ಕೆ ಎಳೆಯುವವನಲ್ಲ. ಆದರೂ ಸುತ್ತಿಗೆ ಎತ್ತುವ ಮುಂಚೆ ಮನಸ್ಸಿನಲ್ಲೇ ಒಂದು ಮಾತು ಹೇಳಿಕೊಂಡೆ. ಹೊಡೆದೆ.

ಬೋಲ್ಟು ಬಂತು. ಬಂತು ಅನ್ನೋದು ಸರಿಯಲ್ಲ, ಹೋಯಿತು. ಕೊಟ್ಟಿಗೆ ದಾಟಿ, ಬೋರ್ಡೋಗೆ ಅಂತ ನೆನೆಹಾಕಿದ್ದ ಸುಣ್ಣದ ಬಕೆಟ್ಟಿಗೆ ಬಿತ್ತು. ದೂರದಿಂದ ಸಲಹೆ ಕೊಡುತ್ತಿದ್ದ ರೈಟರ ಪಂಚೆಯ ಮುಂಭಾಗ ಪೂರ್ತಿ ಬೆಳ್ಳಗಾಯಿತು. ಅದೇ ಹೊತ್ತಿಗೆ, ಹಿಂದಿನ ಆಸರೆ ತಪ್ಪಿದ ಇಂಜಿನ್ನು ಗಡಕ್ ಅಂತ ಒಂದು ಬೆರಳು ಕೆಳಗೆ ಕೂತಿತು. ಮತ್ತೆ ಬೋಲ್ಟು ಹಾಕುವಾಗ ತೂತಿಗೆ ತೂತು ಕೂಡಿಸಲು ಜೀಪಿನ ಜಾಕಿಯಿಂದ ಅದನ್ನು ಎತ್ತೋದು ಇಳಿಸೋದು ಮಾಡಿ ಅರ್ಧ ದಿನ ಕಳೆದೆ. ದೀಪಾವಳಿಗೆ ದೇವೀರಮ್ಮನ ಬೆಟ್ಟವನ್ನೂ ಹತ್ತಿದೆ, ಬರಿಗಾಲಲ್ಲಿ, ಕತ್ತಲೆಯಲ್ಲಿ, ಜಾರುವ ಮಣ್ಣಿನಲ್ಲಿ. ಗಾಡಿ ಗುಡ್ಡ ಹತ್ತಲಿ ಅಂತ ಶುರು ಮಾಡಿದ ಕೆಲಸ ಅದು.

ಹೊಸ ತೋಳು ಕೂತಿತು. ಹೊಸ ಕ್ಯಾರಿಯರೂ ಕೂತಿತು. ಅದರಲ್ಲಿ ಬೇರಿಂಗು ಎರಡು ಸಾಲಿನದು, ಗ್ರೀಸು ತುಂಬೋಕೆ ನಿಪ್ಪಲ್ ಕೂಡ ಇತ್ತು. ನೋಡುತ್ತಾ ಕೂರಬಹುದಾದಂಥ ವಸ್ತು. ಕೂತೆ ಕೂಡ. ಆಮೇಲೆ ಚೈನು ಎತ್ತಿ ಹಾಕಿದರೆ ಸಾಲಲಿಲ್ಲ.

ಭಾಮೈದ ಒಂದು ನಿಮಿಷದಲ್ಲಿ ಲೆಕ್ಕ ಕೊಟ್ಟ. "520 ಚೈನ್ ಭಾವ. ಒಂದು ಕೊಂಡಿಯ ಅಳತೆ 15.875 ಮಿಲಿಮೀಟರ್. ಎರಡು ಇಂಚು ಅಂದರೆ 50.8. ಭಾಗಿಸಿ. ಮೂರು ಕೊಂಡಿ ಸಾಕು." ದಶಾಂಶದವರೆಗೆ ಹೇಳಿದ ಮೇಲೆ ಅನುಮಾನ ಪಡೋದು ಹೇಗೆ? ಆಲ್ದೂರಿನಿಂದ ಚಿಕ್ಕಮಗಳೂರಿಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಹೇಳಿದ, "ಮೂರು ಕೊಂಡಿ ಏನು ಮಾಡ್ತೀರಾ ಸಾರ್? ಚೈನಿಗೆ ಯಾವತ್ತೂ ಜೋಡಿ ಲೆಕ್ಕ. ಒಳಗಿನ ಕೊಂಡಿ ಒಂದು, ಹೊರಗಿನದು ಒಂದು."

"ಲೆಕ್ಕ ಆಗಿದೆ, ಕೊಡಿ," ಅಂದೆ. ನನಗೆ ದಶಾಂಶ ಗೊತ್ತಿತ್ತು.

ಅವನು ನಗುತ್ತಾ ಅರ್ಧ ಕೊಂಡಿ ಒಂದನ್ನು ಹುಡುಕಿ ಸೇರಿಸಿ ಕೊಟ್ಟ. ಮನೆಗೆ ಬಂದು ಹಾಕಿದೆ. ಚೈನಿನ ಎರಡು ತುದಿಗಳ ನಡುವೆ ಇನ್ನೂ ಎರಡು ಇಂಚು ಜಾಗ. ಇತ್ತ ಎಳೆದೆ, ಅತ್ತ ಎಳೆದೆ. ಸ್ಕೇಲು ತಂದು ಅಳೆದೆ. ಸರಿಯಾಗಿ ಎರಡು ಇಂಚು. ನಾನು ಹಾಕಿದ ಮೂರು ಕೊಂಡಿ ಎಲ್ಲಿ ಹೋದವು ಅಂತ ಚೈನನ್ನು ಎರಡು ಸಲ ಎಣಿಸಿದೆ.

ಮನೆಯವಳು ಬಟ್ಟೆ ಒಣಗಿಸುತ್ತಿದ್ದಳು. ತಿರುಗಿ ನೋಡದೆ ಕೇಳಿದಳು, "ಚೈನು ಮೇಲಿಂದ ಹೋಗಿ ಕೆಳಗಿಂದ ವಾಪಸ್ ಬರುತ್ತೆ ಅಲ್ವಾ?"

"ಹೌದು."

"ಹಾಗಾದ್ರೆ ಹೋಗೋಕೆ ಎರಡು ಇಂಚು, ಬರೋಕೆ ಎರಡು ಇಂಚು. ಈ ಹಗ್ಗದ ಕಂಬ ದೂರ ನೆಟ್ಟಾಗ ನೀವೇ ಸಾಲದೆ ಬಿದ್ದು ಒದ್ದಾಡಿದ್ರಲ್ಲ."

ಆರು ಕೊಂಡಿ. ಜೋಡಿ ಲೆಕ್ಕ. ಭಾಮೈದನಿಗೆ ಫೋನ್ ಮಾಡಿದೆ. "ಓ, ಹೌದಲ್ವಾ ಭಾವ! ರಿಟರ್ನ್ ಮರೆತುಬಿಟ್ಟೆ" ಅಂದ. ಇವನು ಕೆಲಸ ಮಾಡೋದು ವಿಮಾನದ ಟಿಕೆಟ್ ಬುಕ್ ಮಾಡುವ ಸಾಫ್ಟ್‌ವೇರ್ ಕಂಪನಿಯಲ್ಲಿ.

ಮತ್ತೆ ಬಸ್ಸು, ಮತ್ತೆ ಅದೇ ಅಂಗಡಿ. ಅವನು ಏನೂ ಕೇಳಲಿಲ್ಲ. ಕೊಂಡಿಗಳನ್ನು ಮೊದಲೇ ಕಾಗದದಲ್ಲಿ ಸುತ್ತಿಟ್ಟಿದ್ದ. ಅದು ಇನ್ನೂ ಜಾಸ್ತಿ ನೋವಾಯಿತು.

ಬ್ರೇಕಿನ ಕಥೆಯೂ ಅದೇ. ಬ್ರೇಕಿನ ಕ್ಯಾಲಿಪರ್ ಕ್ಯಾರಿಯರಿನ ಮೇಲೇ ಕೂತಿರುತ್ತದೆ. ಕ್ಯಾರಿಯರ್ ಹಿಂದೆ ಹೋದರೆ ಅದೂ ಹಿಂದೆ ಹೋಗುತ್ತದೆ. ಪೈಪು ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಉದ್ದ ಮಾಡಿಸಲು ಹಾಸನಕ್ಕೆ ಹೋದೆ, ಬಂದೆ. ಆ ಪ್ರಯಾಣದಲ್ಲಿ ಹೇಳುವಂಥದ್ದು ಬೇಲೂರಿನಲ್ಲಿ ಕುಡಿದ ಕಾಫಿ ಒಂದೇ, ಅದೂ ಚೆನ್ನಾಗಿರಲಿಲ್ಲ.

ಇನ್ನು ಚೈನು ಬಿಗಿ ಮಾಡೋದು. ಕ್ಯಾರಿಯರಿನಲ್ಲಿ ಅಚ್ಚು ಹೋಗುವ ತೂತು ನಟ್ಟನಡುವೆ ಇರೋದಿಲ್ಲ. ಬೀಸೋ ಕಲ್ಲಿನ ಗೂಟದ ಹಾಗೆ ಒಂದು ಪಕ್ಕಕ್ಕಿರುತ್ತದೆ. ಡಬ್ಬಿ ತಿರುಗಿಸಿದರೆ ಅಚ್ಚು ಹಿಂದೆ ಮುಂದೆ ಸರಿದು ಚೈನು ಬಿಗಿಯಾಗುತ್ತದೆ. ಯಾರು ಯೋಚಿಸಿದರೋ, ಅವರಿಗೆ ಮನೆಯಲ್ಲಿ ರಾಗಿ ಬೀಸಿದ ಅನುಭವ ಇದ್ದಿರಬೇಕು. ನಾನು ಗಾಡಿಯನ್ನು ಕಲ್ಲಿನ ಮೇಲೆ ಎತ್ತಿಟ್ಟುಕೊಂಡೇ ಚೆನ್ನಾಗಿ ಬಿಗಿ ಮಾಡಿದೆ. ಇಳಿಸಿ ಮೇಲೆ ಕೂತರೆ ಚೈನು ತಂಬೂರಿ ತಂತಿಯಾಯಿತು. ಬೆರಳಿಂದ ಮೀಟಿದರೆ ಶ್ರುತಿ ಕೇಳುತ್ತಿತ್ತು. ತೋಳು ಮೇಲೆ ಕೆಳಗೆ ಆಡುವಾಗ ಎರಡು ಹಲ್ಲುಚಕ್ರಗಳ ನಡುವಿನ ದೂರ ಬದಲಾಗುತ್ತದೆ. ಭಾರ ಬಿದ್ದು ಅವೆರಡೂ ತೋಳಿನ ಕೀಲೂ ಒಂದೇ ಗೆರೆಗೆ ಬಂದಾಗ ಅದು ಎಲ್ಲಕ್ಕಿಂತ ಜಾಸ್ತಿ. ಹಾಗಾಗಿ ಸಡಿಲು ಬಿಡುವಾಗ ಯಾರಾದರೂ ಮೇಲೆ ಕೂತಿರಬೇಕು. ರೈಟರು ಕೂತರು. ಭಾರ ಸಾಲದೆ ಅವರ ತೊಡೆ ಮೇಲೆ ಯೂರಿಯಾ ಚೀಲವನ್ನೂ ಇಟ್ಟೆವು. ಒಂದು ಗಂಟೆ ಹಾಗೇ ಕೂತಿದ್ದರು ಪಾಪ, ಮಗುವಿಗೆ ಕಿವಿ ಚುಚ್ಚಿಸುವಾಗ ಸೋದರಮಾವ ಕೂತ ಹಾಗೆ.

ಕೊನೆಗೂ ನಾಲ್ಕನೇ ಬ್ಲಾಕಿಗೆ ಹೊರಟೆ. ಹಿಂದೆ ಅದೇ ಚೀಲ. ಕಳೆ ಕೀಳುವ ಹೆಂಗಸರು ಈ ಸಲ ಮೊದಲೇ ಕತ್ತಿ ಕೆಳಗಿಟ್ಟು ಸಾಲಾಗಿ ನಿಂತಿದ್ದರು. ಏರು ಬಂತು. ಗ್ಯಾಸು ಕೊಟ್ಟೆ. ಮೂತಿ ಏಳಲಿಲ್ಲ! ಮುಂದಿನ ಚಕ್ರ ನೆಲ ಕಚ್ಚಿಕೊಂಡು, ಹಿಂದಿನ ಎರಡೂ ಒಟ್ಟಿಗೆ ಮಣ್ಣು ಕೆರೆಯುತ್ತಾ, ಗಾಡಿ ಎಮ್ಮೆಯ ಹಾಗೆ ನಿಧಾನಕ್ಕೆ, ಗಂಭೀರವಾಗಿ ಹತ್ತಿತು. ಹತ್ತು ಸಾವಿರ ಜನ ರ‍್ಯಾಲಿ ನೋಡುತ್ತಿದ್ದಾರೆ ಅನ್ನೋ ಭಾವನೆ ಬಂತು. ಇದ್ದಿದ್ದು ಏಳು ಜನ, ಒಂದು ನಾಯಿ.

ಏರು ಮುಗಿದ ಕೂಡಲೇ ಎಡಕ್ಕೆ ಒಂದು ಕಡಿದಾದ ತಿರುವು. ಮೊದಲು ಅಲ್ಲಿ ಒಂದೇ ಏಟಿಗೆ ತಿರುಗುತ್ತಿದ್ದೆ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಗಾಡಿ ಸ್ವಲ್ಪ ತಿರುಗಿತು, ಆಮೇಲೆ ನೆಟ್ಟಗೆ ಹೋಯಿತು. ಕಾರಿನಲ್ಲಾದರೆ ತಿರುವಿನಲ್ಲಿ ಹೊರಗಿನ ಚಕ್ರ ಜೋರಾಗಿ, ಒಳಗಿನದು ನಿಧಾನವಾಗಿ ತಿರುಗುವ ಏರ್ಪಾಡಿದೆ. ಇಲ್ಲಿ ಒಂದೇ ಅಚ್ಚು. ಎರಡೂ ಚಕ್ರ ಹಠ ಹಿಡಿದು ನೆಟ್ಟಗೇ ನೂಕುತ್ತವೆ. ಗಾಡಿ ಉದ್ದವಾದಷ್ಟೂ ತಿರುಗೋಕೆ ಜಾಗ ಜಾಸ್ತಿ ಬೇಕು. ಆ ತಿರುವಿನಲ್ಲಿ ಎರಡು ಇಂಚು ಬಿಡಿ, ಎರಡು ಎಲೆಯಷ್ಟು ಜಾಗವೂ ಇರಲಿಲ್ಲ. ತಾತ ನೆಟ್ಟ ಎಸ್. 795 ತಳಿಯ ಅರೇಬಿಕಾ ಕಾಫಿ ಗಿಡದೊಳಗೆ ಮೂತಿ ತೂರಿಸಿಕೊಂಡು ನಿಂತೆ.

ರಿವರ್ಸ್ ಇಲ್ಲ ಅಂತ ಆಗಲೇ ಹೇಳಿದ್ದೆನಲ್ಲ. ಇಳಿದು, ಹಿಂದಿನ ಸ್ಟ್ಯಾಂಡು ಹಿಡಿದು ಗಾಡಿಯ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ಸರಿಸಬೇಕು. ಒಬ್ಬನಿಂದ ಆಗೋದಿಲ್ಲ. ಈಗ ಗೊಬ್ಬರ ಸಾಗಿಸುವ ದಿನ ಆ ತಿರುವಿನಲ್ಲಿ ಇಬ್ಬರು ಆಳು ಕಾಯುತ್ತಾ ಕೂತಿರುತ್ತಾರೆ. ನಾನು ಬಂದಾಗ ಎತ್ತಿ ತಿರುಗಿಸಿ ಮತ್ತೆ ಕೂರುತ್ತಾರೆ. ನಾಲ್ಕನೇ ಬ್ಲಾಕ್ ಅಂದರೆ ಈಗ ಯಾರಿಗೂ ಮಂಡಿನೋವಿಲ್ಲ. ಆ ಕೆಲಸಕ್ಕೆ ಪೈಪೋಟಿ ಇದೆ. ರೈಟರು ಹಾಜರಿ ಪುಸ್ತಕದಲ್ಲಿ ಅದಕ್ಕೆ "ತಿರುಗಿಸುವುದು" ಅಂತ ಬೇರೆ ಕಾಲಮ್ಮು ಹಾಕಿದ್ದಾರೆ.

ಆ ಸಂಜೆ ಗಾಡಿ ತಂದು ಸೌದೆ ಕೊಟ್ಟಿಗೆಯಲ್ಲಿ ನಿಲ್ಲಿಸಿದೆ. ಬಂಪರ್ ಗೋಡೆಗೆ ತಾಗಿತು. ಬಾಗಿಲು ಎಳೆದೆ. ಟಪ್ ಅನ್ನಲಿಲ್ಲ. ಮೆತ್ತಗೆ ಟೈರಿಗೆ ಬಡಿದು ವಾಪಸ್ ಬಂತು. ಮತ್ತೆ ಎಳೆದೆ. ಮತ್ತೆ ಬಂತು. ಬಗ್ಗಿ ಸಂದಿಗೆ ಬೆರಳು ಇಟ್ಟು ನೋಡಿದೆ. ಅಳೆಯಲು ಸ್ಕೇಲು ತರಲಿಲ್ಲ.

ಮನೆಯವಳು ಜಗಲಿಯಿಂದ ನೋಡುತ್ತಿದ್ದಳು. "ಭಾಮೈದನಿಗೆ ಫೋನ್ ಮಾಡ್ತೀರಾ?" ಅಂದಳು.

ಮಾಡಲಿಲ್ಲ. ಚಿಲಕಕ್ಕೆ ಒಂದು ತುಂಡು ಹಗ್ಗ ಕಟ್ಟಿ, ಬಾಗಿಲು ಗಾಳಿಗೆ ಬಡಿಯದ ಹಾಗೆ ಹಳೇ ಸ್ವಿಂಗ್‌ಆರ್ಮನ್ನು ಹೊರಗಿನಿಂದ ಒರಗಿಸಿ ಇಟ್ಟೆ. ಒಳ್ಳೆ ಭಾರ ಇದೆ, ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ನೋಡಿದರೆ ಅದರ ಕವೆಯಲ್ಲಿ ನಮ್ಮ ಕಾವಿನ ಕೋಳಿ ಕೂತಿತ್ತು.